ಸ್ಪೀಕರ್ ಆಮ್ಯಾಲ ತರೋಣ, ಮೊದಲ ಹಾಡಸೋರನ್ನ ತಯಾರ ಮಾಡೋಣ

ನಮ್ಮ ಸ್ತ್ರೀಯರ ಕೂಟದ ಡಬ್ಬಿಯೊಳಗ ಈಗ ನಲವತ್ತು ಸಾವಿರದ ಮ್ಯಾಲ ರೊಕ್ಕ ಕೂಡೈತ್ರಿ. ಕರ್ಚಿಕಾಯಿ, ಶೇಂಗಾ ಹಿಂಡಿ, ಖಾರಪುಡಿ ಮಾಡಿ ಮಾರಿ, ವಾರಕ್ಕ ಹತ್ತು-ಇಪ್ಪತ್ತು ಹಾಕಿ ನಾಕು ವರ್ಷದಾಗ ಕೂಡಿಸಿದ ರೊಕ್ಕ ಅದು. ಅದನ್ನ ಎಲ್ಲಿ ಹಾಕಬೇಕು ಅನ್ನೋ ಮಾತು ನಡದೈತಿ. ಹೆಚ್ಚಿನ ಮಂದಿ ಆರಾಧನಿಗೆ ಹೊಸಾ ಸ್ಪೀಕರ್, ಮಿಕ್ಸರ್, ಎರಡು ಕಾರ್ಡ್‌ಲೆಸ್ ಮೈಕು ತರೋಣು ಅಂತಾರ. ನನ್ನ ಮಾತು ಬ್ಯಾರೆ ಐತಿ. ಆ ರೊಕ್ಕ ಆರಾಧನಿ ನಡಸೋರನ್ನ ತಯಾರ ಮಾಡೋ ಶಾಲಿಗೆ ಹೋಗಬೇಕು. ಕೂಟದಾಗ ಮಾತಾಡಾಕ ನನಗ ಸಿಗೋದು ಐದು ನಿಮಿಷ, ಅದರಾಗ ಮೂರು ನಿಮಿಷ ಚಾ ಕಪ್ಪಿನ ಸಪ್ಪಳ. ಅದಕ್ಕ ಕುಂತು ಬರಿಯಾಕತ್ತೀನಿ.

ನಮ್ಮ ಸಭಾದವರಲ್ಲದ ಅಕ್ಕ-ತಂಗ್ಯಾರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಬಾಸೆಲ್ ಮಿಶನ್ ಕಾಲದ ಹಳೇ ಕ್ರೈಸ್ತ ಮನೆತನದವರು. ನನ್ನ ತವರು ಬೆಟಗೇರಿ, ಕೊಟ್ಟ ಮನಿ ಕುಂದಗೋಳ. ಇಲ್ಲಿ ನಮ್ಮ ಮಂದಿ ಮನಿ ಎಣಿಸಿದ್ರ ಎರಡು ಕೈ ಬೆರಳಿನಾಗ ಮುಗೀತಾವು. ಐತವಾರ ಆರಾಧನಿಗೆ ಹುಬ್ಬಳ್ಳಿ ಬಸ್ಸು ಹತ್ತತೀವಿ. ಬುಧವಾರ ಸಂಜಿಗೆ ಯಾರದಾರ ಮನ್ಯಾಗ ಕೂಟ. ಸಭಾಪಾಲಕರಿಗೆ ನಾವು ಅಯ್ಯನವರು ಅಂತೀವಿ. ಅವರಿಗೆ ನಾಕೈದು ಊರು ನೋಡೋದಿರತೈತಿ, ತಿಂಗಳಿಗೊಮ್ಮೆ ನಮ್ಮ ಕೂಟಕ್ಕ ಬಂದ್ರ ದೊಡ್ಡದು. ಉಳಿದ ವಾರ ಎಲ್ಲಾ ನಾವ. ಪ್ರಾರ್ಥನಿ ಮಾಡೋರೂ ನಾವ, ವಾಕ್ಯ ಓದೋರೂ ನಾವ, ಹಾಡು ಎತ್ತೋರೂ ನಾವ. ಅಂದ್ರ ಆರಾಧನಿ ನಡಸೋದು ಅಂದ್ರ ಬರೇ ಅಯ್ಯನವರ ಕೆಲಸ ಅಲ್ಲ, ಹಳ್ಳಿಯೊಳಗ ಅದು ಮನಿ ಹೆಂಗಸರ ಕೆಲಸ. ಆದ್ರ ಆ ಕೆಲಸ ನಮಗ ಯಾರೂ ಕಲಿಸಿಲ್ಲ. ರೊಟ್ಟಿ ಬಡಿಯೋದು ಸೈತ ಅವ್ವ ಕೈ ಹಿಡದು ಕಲಿಸಿದ್ಲು, ಇದನ್ನ ಮಾತ್ರ ಹುಟ್ಟಿಂದ ಬರತೈತಿ ಅಂತ ಎಲ್ಲಾರೂ ತಿಳಕೊಂಡಾರ.

ಈಗ ಹೆಂಗಾಗೈತಿ ಅಂದ್ರ, ಎಷ್ಟೋ ಕಡೆ ಗ್ವಾಡಿ ಮ್ಯಾಲ ಪರದೆ ಬಂದೈತಿ, ಹಾಡಿನ ಸಾಲು ಅದರಾಗ ಓಡತಾವು. ಮುಂದ ನಾಕು ಹುಡುಗರು ಮೈಕು ಹಿಡದು ನಿಂತಿರತಾರ, ಕೀಬೋರ್ಡಿನಾಗ ಗುಂಡಿ ಒತ್ತಿದ್ರ ತಾಳ ತಾನ ಬಡಕೊಂತ ಹೋಗತೈತಿ. ಹಾಡು ಹೆಚ್ಚಿನಂಶ ಇಂಗ್ಲೀಷಿಂದನೋ ಹಿಂದಿಯಿಂದನೋ ತಿರುವಿದ್ದು. ಧಾಟಿ ಅಲ್ಲಿದು, ಮಾತು ಇಲ್ಲಿದು, ಎರಡೂ ಒಂದಕ್ಕೊಂದು ಹೊಂದಂಗಿಲ್ಲ. ಕನ್ನಡದಾಗ ದೀರ್ಘ ಮೊಟಕಾದ್ರ ಅರ್ಥಾನ ಕೆಡತೈತಿ. ‘ಕೂಡಿ ಬನ್ನಿರಿ’ ಅನ್ನೋದು ಧಾಟಿಯ ಅವಸರದಾಗ ‘ಕುಡಿ ಬನ್ನಿರಿ’ ಅಂತ ಕೇಳಿದ್ದನ್ನ ನಾನ ನನ್ನ ಕಿವಿಲೆ ಕೇಳೀನಿ. ಪಕ್ಕದಾಗ ಕುಂತ ವೈನಿ ಸೆರಗು ಬಾಯಿಗೆ ಒತ್ತಿಕೊಂಡಿದ್ರು.

ಹುಡುಗರನ್ನ ಬೈಯಾಕ ಇದನ್ನ ಹೇಳವಲ್ಲೆ. ಅವರರ ಬಂದು ನಿಂದರತಾರ, ಅದ ದೊಡ್ಡದು. ಆದ್ರ ಮುಂದ ನಿಂತವರ ದನಿ ಏರಿದಷ್ಟು ಕುಂತವರ ದನಿ ಇಳದೈತಿ. ನಮ್ಮ ಅತ್ತಿಯವರಿಗೆ ಈಗ 84 ವರ್ಷ. ಕಣ್ಣು ಮಂಜಾಗ್ಯಾವು, ಪರದೆ ಕಾಣಂಗಿಲ್ಲ. ಹಳೇ ಹಾಡಿನ ಪುಸ್ತಕ ಮುಕ್ಕಾಲು ಭಾಗ ಬಾಯಿಪಾಠ ಐತಿ ಅವರಿಗೆ. ಅಂಥವರು ಆರಾಧನಿಯೊಳಗ ಒಂದೂವರಿ ತಾಸು ಬಾಯಿ ಮುಚ್ಚಿಕೊಂಡು ಕುಂತು ಬರತಾರ. ಹಾಡಾಕ ಹೋದವರು ಹಾಡು ಕೇಳಿ ಬರೋದು ಅಂದ್ರ ಊಟಕ್ಕ ಕರದು ಅಡಗಿ ತೋರಿಸಿ ಕಳಿಸಿದಂಗ ಅಲ್ಲೇನ್ರಿ?

ಹಾಡೋದು ಬ್ಯಾರೆ, ಹಾಡಸೋದು ಬ್ಯಾರೆ. ಇದನ್ನ ಕುಂದಗೋಳದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸವಾಯಿ ಗಂಧರ್ವರ ಊರು ಇದು. ರಾಮಚಂದ್ರ ಕುಂದಗೋಳಕರ ಅಂತ ಅವರ ಹೆಸರು, 1886ರಾಗ ಹುಟ್ಟಿ 1952ರಾಗ ತೀರಿಕೊಂಡ್ರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬ್ರ ಹತ್ರ ವರ್ಷಾನುಗಟ್ಟಲೆ ಕಲ್ತವರು. ಅವರ ಹತ್ರ ಕಲಿಯಾಕ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಾಗ ಇಲ್ಲಿಗೆ ಬರತಿದ್ರು. ಭೀಮಸೇನ ಜೋಶಿಯವರು ಹುಡುಗರಿದ್ದಾಗ ಗುರುವಿನ ಮನಿಗೆ ನೀರು ಹೊತ್ತ ಕಥಿ ನಮ್ಮೂರಾಗ ಪೇಟಿ ಮುಟ್ಟದವರಿಗೂ ಗೊತ್ತು. ನಾಡಗೇರ ವಾಡೆಯೊಳಗ ವರ್ಷಕ್ಕೊಮ್ಮೆ ಬೆಳತನಕ ಸಂಗೀತ ನಡದಾಗ ನಾನೂ ಹಿಂದ ಚಾಪಿ ಹಾಸಿಕೊಂಡು ಕುಂತೀನಿ. ಒಂದು ರಾಗ ಬಾಯಿಗೆ ಹತ್ತಬೇಕಂದ್ರ ಇಷ್ಟು ಕಷ್ಟಪಡೋ ಊರಾಗ, ದೇವರ ಮುಂದ ಇನ್ನೂರು ಮಂದೀನ ಒಂದ ದನಿಯಾಗ ಹಾಡಸೋದಕ್ಕ ಮಾತ್ರ ಕಲಿಕಿ ಬ್ಯಾಡ, ದನಿ ಛೊಲೊ ಇದ್ರ ಸಾಕು ಅಂತೀವಿ.

ಏನೇನು ಗೊತ್ತಿರಬೇಕು ನೋಡ್ರಿ ಅವರಿಗೆ. ಮೊದಲನೇದು ಶ್ರುತಿ. ಗಂಡಸರು ತಮಗ ಹಿತ ಅಂತ ಪೇಟಿಯ ಕರಿ ಒಂದಕ್ಕ ಎತ್ತಿದ್ರ ನಮ್ಮ ದನಿ ತಳಾ ಹಿಡದು ಸುಮ್ನಾಗತೈತಿ. ನಮಗ ಹೊಂದೋ ಹಂಗ ಎತ್ತಿದ್ರ ಅವರು ಕಿರಚಬೇಕು. ಎಲ್ಲಾರಿಗೂ ಹೊಂದೋ ನಡುವಿನ ಜಾಗ ಹುಡುಕೋದು ಒಂದು ವಿದ್ಯಾ. ಆಮ್ಯಾಲ ಯಾವ ಹಾಡು ಎಲ್ಲಿ. ಪಾಪದ ಅರಿಕೆ ಮಾಡಿ ತಲಿ ಬಗ್ಗಿಸಿ ಕುಂತ ಗಳಿಗ್ಯಾಗ ಚಪ್ಪಾಳಿ ಹಾಡು ಎತ್ತಬಾರದು. ಶುಭ ಶುಕ್ರವಾರದ ಹಾಡು ಬ್ಯಾರೆ, ಬೆಳಿ ಬಂದಾಗ ಮೊದಲ ಜೋಳ ತಂದು ಇಡೋ ಹಬ್ಬದ ಹಾಡು ಬ್ಯಾರೆ. ವಾಕ್ಯ ಓದೋವಾಗ ಎಲ್ಲಿ ನಿಂದರಬೇಕು, ಪ್ರಾರ್ಥನಿಯೊಳಗ ಯಾರನ್ನ ನೆನಸಬೇಕು, ಎಷ್ಟೊತ್ತು ಸುಮ್ನಿರಬೇಕು. ಸುಮ್ನಿರೋದಂತೂ ಈಗ ಯಾರಿಗೂ ಬರಂಗಿಲ್ಲ. ಎರಡು ನಿಮಿಷ ಖಾಲಿ ಬಿದ್ರ ಕೀಬೋರ್ಡಿನವ ಏನರ ಒತ್ತತಾನ.

ಇದೆಲ್ಲಾ ಕಲಿಸಬೇಕಾದ ಜಾಗ ನಮಗ ಇಲ್ಲ ಅಂತಿಲ್ಲ. ಮಂಗಳೂರಿನ ಬಲ್ಮಠದಾಗ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಐತಿ. 1965ರಾಗ ಈ ಹೆಸರಿನಿಂದ ಶುರುವಾತು, ಆದ್ರ ಅದರ ಬೇರು 1847ರ ಬಾಸೆಲ್ ಮಿಶನ್ ಸೆಮಿನರಿಯಾಗ ಐತಿ. ನಮ್ಮ ಕರ್ನಾಟಕದ ಸಿ.ಎಸ್.ಐ. ಸಭೆಗಳ ಎಷ್ಟೋ ಮಂದಿ ಅಯ್ಯನವರು ಅಲ್ಲೇ ಕಲ್ತು ಬಂದವರು. ಸೆರಾಂಪುರದ ಪದವಿ ಕೊಡತಾರ. ನಮ್ಮ ಬೆಂಬಲ ಅಂಥಾ ಜಾಗಕ್ಕ ಹೋಗಬೇಕು, ಅದೂ ಕಟ್ಟಡಕ್ಕಲ್ಲ; ಕನ್ನಡದ ಹಾಡು ಕಲಿಸೋ ಒಬ್ಬ ಗಟ್ಟಿ ಮೇಷ್ಟ್ರಿಗೆ, ಹಳ್ಳಿಯಿಂದ ಹೋಗೋ ಮಕ್ಕಳ ಫೀಗೆ, ಅಯ್ಯನವರಾಗದ ನಮ್ಮಂಥವರಿಗೂ ಹದಿನೈದು ದಿನದ ತರಬೇತಿ ಇಡಾಕ.

‘ನಮ್ಮ ಹಿರೇರು ಹಾಡಿದ್ದನ್ನ ಹಾಡಿದ್ರಾತು, ಹೊಸಾದು ಯಾಕ’ ಅಂತ ಕೇಳೋ ಹಿರೇರು ನಮ್ಮಲ್ಲಿ ಅದಾರ. ಆ ಹಿರೇರ ಕಥಿನ ಸ್ವಲ್ಪ ನೋಡೋಣು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿದ್ದು 1834ರಾಗ, ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗೆ 1839ರಾಗ. ತಮ್ಮ ಜರ್ಮನ್ ಧಾಟಿಗಳನ್ನ ತಂದ್ರು, ಕನ್ನಡ ಮಾತು ಕೂಡಿಸಿದ್ರು. ನಾವು ‘ಹಳೇದು’ ಅನ್ನೋ ಎಷ್ಟೋ ಹಾಡು ಆ ಕಾಲಕ್ಕ ಹೊಸಾದ, ಅದೂ ಪರದೇಶದ್ದು. ನಾನು ಅವನ್ನ ಬಿಡ್ರಿ ಅನ್ನವಲ್ಲೆ. ನೂರೆಂಬತ್ತು ವರ್ಷ ನಮ್ಮ ಬಾಯಾಗ ಇದ್ದು ಅವೂ ನಮ್ಮವ ಆಗ್ಯಾವು. ನನ್ನ ಅವ್ವನ ಸಾವಿನಾಗ ಹಾಡಿದ ಧಾಟಿ ಜರ್ಮನಿದ್ದರೇನು, ಎಲ್ಲಿದ್ದರೇನು.

ಆದ್ರ ಆ ಪಾದ್ರಿಗಳೊಳಗ ಕೆಲವರು ನಮಗಿಂತ ಮುಂದ ಹೋಗಿದ್ರು. ಹರ್ಮನ್ ಮೋಗ್ಲಿಂಗ್ ಅನ್ನೋರು 1850ರಾಗ ದಾಸರ ಪದಗಳನ್ನ ಮಂಗಳೂರಾಗ ಅಚ್ಚು ಹಾಕಿಸಿದ್ರು. ಕ್ರೈಸ್ತ ಪಾದ್ರಿ, ಪುರಂದರದಾಸರ ಪದ! ಈ ನಾಡಿನ ಮಂದಿ ದೇವರಿಗೆ ಹೆಂಗ ಹಾಡತಾರ ಅಂತ ತಿಳಿಯದ ಅವರ ನಡುವ ನಿಂತು ಹಾಡಾಕ ಆಗಂಗಿಲ್ಲ ಅಂತ ಅವರಿಗೆ ಗೊತ್ತಾಗಿರಬೇಕು ಅಂತ ನಾ ತಿಳಕೊಂಡೀನಿ. 1894ರಾಗ ದೊಡ್ಡ ನಿಘಂಟು ಕೊಟ್ಟ ಕಿಟೆಲ್‌ರಂತೂ ಅದಕ್ಕೂ ಮೂವತ್ತು ವರ್ಷ ಮೊದಲ ಯೇಸುವಿನ ಚರಿತ್ರಿಯನ್ನ ಕನ್ನಡ ಛಂದಸ್ಸಿನಾಗ ‘ಕಥಾಮಾಲೆ’ ಅಂತ ಬರದಿದ್ರು. ಓದಾಕಲ್ಲ, ಹಾಡಾಕ ಬರೋ ಹಂಗ. ಅತ್ತ ಮರಾಠಿ ಸೀಮ್ಯಾಗ ನಾರಾಯಣ ವಾಮನ ಟಿಳಕರು ಕ್ರಿಸ್ತನ ಮ್ಯಾಲ ಅಭಂಗ ಕಟ್ಟಿದ್ರು, ಅವು ಇವತ್ತಿಗೂ ಅಲ್ಲಿಯ ಸಭಾದಾಗ ನಡೀತಾವು. ನಮ್ಮಲ್ಲಿ ಕಿಟೆಲ್ ಅಂದ್ರ ಬೆಂಗಳೂರಾಗ ಒಂದು ಪುತ್ಥಳಿ, ಮನ್ಯಾಗ ಒಂದು ದಪ್ಪ ಪುಸ್ತಕ, ಅಲ್ಲಿಗೆ ಮುಗೀತು.

ಆರಾಧನಿ ಹೊಸದು ಮಾಡೋದು ಅನ್ನೋದು ಹುಡುಗರ ಚಾಳಿ ಅಲ್ಲ, ಇದನ್ನೂ ಹೇಳಬೇಕು. ದಕ್ಷಿಣ ಭಾರತ ಸಭೆ 1947ರಾಗ ಒಂದಾದ ಮ್ಯಾಲ 1950ರಾಗ ಕರ್ತನ ಭೋಜನಕ್ಕ ಹೊಸಾ ಕ್ರಮ ಬರದ್ರು. ಒಬ್ಬರ ಕೈಯಾಗ ಒಬ್ಬರು ಕೈ ಇಟ್ಟು ಸಮಾಧಾನ ಹೇಳೋ ಪದ್ಧತಿ ಅದರಾಗ ಬಂತು. ಕೇರಳದ ಸುರಿಯಾನಿ ಕ್ರೈಸ್ತರಲ್ಲಿದ್ದದ್ದು ಅದು. ಆ ಕ್ರಮಾನ ದೇಶ-ವಿದೇಶದ ಸಭೆಗಳು ನೋಡಿ ಕಲ್ತವು. ಹಿಂಗ ಕೊಡೋ ಕೈ ಒಂದು ಕಾಲಕ್ಕ ನಮ್ಮದಿತ್ತು, ಈಗ ಯೂಟ್ಯೂಬಿನಾಗ ಬಂದದ್ದನ್ನ ಒಡ್ಡಿಕೊಳ್ಳೋ ಕೈ ಆಗೈತಿ.

ಕಥೋಲಿಕರದು ಇನ್ನೂ ದೊಡ್ಡ ಕಥಿ. ಅವರ ಪೂಜಿ ಲ್ಯಾಟಿನ್ ಭಾಷಾದಾಗ ನಡೀತಿತ್ತು. 1963ರಾಗ ಅವರ ಮಹಾಸಭೆ ತಾಯ್ನುಡಿಗೆ ಬಾಗಲಾ ತಗೀತು. 1967ರಾಗ ಬೆಂಗಳೂರಾಗ ಎನ್.ಬಿ.ಸಿ.ಎಲ್.ಸಿ. ಅಂತ ಒಂದು ಕೇಂದ್ರ ಶುರುವಾತು, ಅಮಲೋರ್ಪವದಾಸ್ ಅನ್ನೋ ಪಾದ್ರಿಗಳು ಅದನ್ನ ಕಟ್ಟಿದವರು. ದೇಶದ ತುಂಬಿಂದ ಪಾದ್ರಿಗಳು, ಸಿಸ್ಟರ್‌ಗಳು, ಸಾದಾ ಮಂದಿ ಅಲ್ಲಿ ಬಂದು ಆರಾಧನಿ ಹೆಂಗ ನಡಸಬೇಕು ಅನ್ನೋದನ್ನ ಕಲ್ತು ಹೋದ್ರು. 1969ರಾಗ ರೋಮಿನಿಂದ ಹನ್ನೆರಡು ಬದಲಾವಣಿಗೆ ಒಪ್ಪಿಗಿ ಸಿಕ್ತು: ಚಪ್ಪಲಿ ಬಿಟ್ಟು ನೆಲದ ಮ್ಯಾಲ ಕುಂದರೋದು, ಕೈ ಮುಗಿಯೋದು, ಮೇಣಬತ್ತಿ ಬದಲಿ ಎಣ್ಣಿ ದೀಪ, ಊದಿನಕಡ್ಡಿ, ಆರತಿ, ಹಿಂಗ. ನಮ್ಮ ಬೆಳಗಾವಿ ಕಡೆ ದೇಶನೂರಾಗ ಅವರದು ಸ್ನಾನಿಕ ಅರುಳಪ್ಪನವರ ವಿರಕ್ತ ಮಠ ಅಂತನ ಐತಿ. ಸ್ವಾಮಿಗಳು ಕಾವಿ ಉಡತಾರ. ಎಲ್ಲಾನೂ ನಾವು ಹಂಗ ಮಾಡಬೇಕು ಅಂತಲ್ಲ. ಆದ್ರ ಅವರು ಮೊದಲ ಒಂದು ಶಾಲಿ ತಗದ್ರು, ಕಲಿಸಿದ್ರು, ಆಮ್ಯಾಲ ಬದಲಿ ಮಾಡಿದ್ರು. ನಾವು ಕಲಿಸದ ಬದಲಿ ಮಾಡಾಕತ್ತೀವಿ, ಅದಕ್ಕ ಹಿಂಗಾಗೈತಿ.

‘ಇದು ಹಿಂದೂ ಪದ್ಧತಿ ಆಗತೈತಿ’ ಅನ್ನೋ ಅಂಜಿಕಿ ಕೆಲವರಿಗೆ ಐತಿ. ಕೈ ಮುಗಿಯೋದು, ಚಪ್ಪಲಿ ಬಿಡೋದು ಯಾರಪ್ಪನ ಆಸ್ತಿನೂ ಅಲ್ರಿ. ಆದ್ರ ಇನ್ನೊಂದು ತಕರಾರು ನನಗ ತೂಕದ್ದು ಅನ್ನಸತೈತಿ. ನಮ್ಮ ಸಭಾದಾಗ ಮುಕ್ಕಾಲು ಮಂದಿಯ ಅಜ್ಜ-ಮುತ್ಯಾ ಊರ ಹೊರಗ ಇದ್ದವರು. ಆರತಿ, ಶ್ಲೋಕ, ಶಾಸ್ತ್ರೀಯ ರಾಗ ಅವರ ಅಂಗಳಕ್ಕ ಬಂದಿರಲೇ ಇಲ್ಲ. ಅವರದು ಹಲಗಿ. ಆ ಹಲಗಿ ಇವತ್ತಿಗೂ ಎಷ್ಟೋ ಕಡೆ ಚರ್ಚಿನ ಮೆಟ್ಟಲಾ ಹತ್ತಿಲ್ಲ, ಅದು ಕೀಳು ಅಂತ ನಾವ ಹೊರಗ ಇಟ್ಟೀವಿ. ಮದುರೈ ಸೆಮಿನರಿಯಾಗ ಥಿಯೋಫಿಲಸ್ ಅಪ್ಪಾವು ಅಂತ ಒಬ್ಬ ಮೇಷ್ಟ್ರು ಇದ್ರು, 2005ರಾಗ ತೀರಿಕೊಂಡ್ರು. ಅವರು ಹಳ್ಳಿ ಮಂದಿಯ ಧಾಟಿ, ಅವರ ವಾದ್ಯ ತಂದು ಆರಾಧನಿ ಕ್ರಮಾನ ಕಟ್ಟಿದ್ರು. ನಮ್ಮಲ್ಲೂ ಹಂಗ ಬೇಕು. ಸೋಬಾನಿ ಪದ, ಬೀಸೋ ಪದ, ಜೋಗುಳ ಇವೆಲ್ಲಾ ಹೆಂಗಸರ ಬಾಯಾಗ ಇದ್ದದ್ದು. ಮೇಳದ ಮ್ಯಾಲ ಮುಂದಿನವರು ಒಂದು ಸಾಲು ಅಂದ್ರ ಹಿಂದಿನವರು ತಿರುಗಿ ಅನ್ನೋದು. ಓದು ಬರದವರಿಗೂ ಪರದೆ ಕಾಣದವರಿಗೂ ಅದಕ್ಕಿಂತ ಛೊಲೊ ಪದ್ಧತಿ ಯಾವುದೈತಿ ಹೇಳ್ರಿ.

ಇದು ಹುಚ್ಚು ಹಟ ಅಲ್ಲ ಅನ್ನಾಕ ಒಂದು ರಾತ್ರಿಯ ಮಾತು ಹೇಳತೀನಿ. ಹೋದ ವರ್ಷ ನಮ್ಮ ಪೈಕಿ ಒಬ್ಬ ಹಿರೇರು ಸಂಜಿಗೆ ತೀರಿಕೊಂಡ್ರು. ಮಕ್ಕಳು ಪುಣೆಯಿಂದ ಬರೋತನಕ ಮಣ್ಣು ಮಾಡಂಗಿಲ್ಲ, ಅಯ್ಯನವರು ಮುಂಜಾನೆ ಬರತಾರ. ರಾತ್ರಿ ಎಲ್ಲಾ ಶವದ ಮುಂದ ಕುಂದರಬೇಕು. ಯಾರೋ ಫೋನಿನಾಗ ಹಾಡು ಹಚ್ಚಿಟ್ರು. ನಡು-ನಡುವ ಜಾಹೀರಾತು ಬರೋದು, ಸಾಬಾಣದ್ದು, ಬಟ್ಟಿದ್ದು. ಒಂದು ತಾಸಿನಾಗ ಚಾರ್ಜೂ ಮುಗೀತು. ಹತ್ತರ ಸುಮಾರಿಗೆ ಓಣಿಯ ಭಜನಿ ಮೇಳದವರು ಬಂದ್ರು, ಲಿಂಗಾಯತರು. ಅವರಲ್ಲಿ ಸಾವಾದ ಮನಿಗೆ ಬೆಳತನಕ ಭಜನಿ ಮಾಡೋ ರೂಢಿ. ಬಾಗಲದಾಗ ನಿಂತು ‘ಯಕ್ಕಾ, ನಮ್ಮ ಪದ ಹೇಳಿದ್ರ ನಿಮಗ ನಡೀತೈತೋ ಇಲ್ಲೋ ಗೊತ್ತಿಲ್ಲ. ನಿಮ್ಮ ಪದ ನೀವು ಹೇಳ್ರಿ, ತಾಳ ನಾವು ಹಾಕತೀವಿ’ ಅಂದ್ರು.

ನಮ್ಮವರು ಹದಿನೈದು ಮಂದಿ ಇದ್ವಿ. ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಡಿಗ್ರಿ ಕಲ್ತವರಿದ್ರು, ಐತವಾರ ಮೈಕು ಹಿಡಿಯೋ ಹುಡುಗನೂ ಇದ್ದ. ಪರದೆ ಇಲ್ಲದ ಅಂವಗ ಎರಡನೇ ನುಡಿ ಬರಲಿಲ್ಲ. ಮೂಲ್ಯಾಗ ಕುಂತಿದ್ದ ನಮ್ಮ ಅತ್ತಿ ಸಣ್ಣ ದನಿಯಾಗ ಒಂದು ಹಾಡು ಎತ್ತಿದ್ರು. ಜರ್ಮನ್ ಧಾಟಿದ್ದಲ್ಲ, ಭಜನಿ ಧಾಟಿದ್ದು. ಎರಡನೇ ನುಡಿಗೆ ತಾಳದವರು ಹಿಡಕೊಂಡ್ರು, ಮೂರನೇದಕ್ಕ ಪಲ್ಲವಿ ಅವರ ಬಾಯಾಗೂ ಬಂತು. ಹಂಗ ರಾತ್ರಿ ಮೂರರ ತನಕ ನಡೀತು. 84ರ ಮುದುಕಿ ಒಬ್ಬಾಕಿ ಹಾಡಸಿದ್ಲು, ಎರಡು ಧರ್ಮದ ಮಂದಿ ಹಾಡಿದ್ವಿ, ತೀರಿಕೊಂಡವರ ಹೆಂಡತಿ ಗ್ವಾಡಿಗೆ ಆತುಕೊಂಡು ಒಂದು ಗಳಿಗಿ ನಿದ್ದಿ ಮಾಡಿದ್ರು. ಅತ್ತಿಯವರು ಇನ್ನೆಷ್ಟು ವರ್ಷ? ಅವರ ಮ್ಯಾಲ ಆ ಮೂಲ್ಯಾಗ ಕುಂದರೋರು ಯಾರು? ಎಷ್ಟು ವ್ಯಾಟಿನ ಸ್ಪೀಕರ್ ತಂದ್ರೂ ಆ ಜಾಗ ತುಂಬಂಗಿಲ್ಲ.

ರೊಕ್ಕದ ಮಾತಿಗೆ ಬರತೀನಿ. ನಲವತ್ತು ಸಾವಿರದಾಗ ಏನಾಗತೈತಿ ಅಂತ ಖಜಾಂಚಿ ವೈನಿ ಕೇಳತಾರ, ಕೇಳಬೇಕಾದ್ದ. ನನ್ನ ತವರಿನ ಮಗ್ಗಲಾಗ ಗದಗದ ವೀರೇಶ್ವರ ಪುಣ್ಯಾಶ್ರಮ ಐತಿ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಾಕ ಹತ್ತಿದಾಗ ಅವರ ಹತ್ರ ಏನಿತ್ತು? 1944ರಾಗ ಅವರು ಹೋದ ಮ್ಯಾಲ ಪುಟ್ಟರಾಜ ಗವಾಯಿಗಳು 2010ರ ತನಕ ನಡಿಸಿದ್ರು. ಊರೂರಾಗ ಭಕ್ತರು ತುಲಾಭಾರ ಮಾಡಿ ತೂಗಿದ ರೊಕ್ಕ ಆಶ್ರಮದ ಮಕ್ಕಳ ಅನ್ನಕ್ಕ ಹೋತು. ಜೋಳದ ಚೀಲ, ಬ್ಯಾಳಿ, ಬೆಲ್ಲ ಹಳ್ಳಿಯಿಂದ ಹೋಗತಾವು. ಸಂಗೀತ ಕಲಿಯೋ ಹುಡುಗನ್ನ ಸಾಕೋದು ಪುಣ್ಯದ ಕೆಲಸ ಅಂತ ಆ ಮಂದಿಗೆ ಯಾರೂ ಭಾಷಣ ಮಾಡಲಿಲ್ಲ. ಇತ್ತ ನಮ್ಮ ಕ್ರೈಸ್ತರೊಳಗ ಮಿಜೋರಾಂ ಹೆಂಗಸರನ್ನ ನೋಡ್ರಿ. 1910ರಿಂದ ಅವರು ಪ್ರತಿ ಹೊತ್ತು ಅಡಗಿಗೆ ಅಕ್ಕಿ ಅಳಿಯೋವಾಗ ಒಂದು ಹಿಡಿ ತಗದು ಬ್ಯಾರೆ ಇಡತಾರ, ಅದನ್ನ ಕೂಡಿಸಿ ಸಭಾಕ್ಕ ಕೊಡತಾರ. ಇವತ್ತು ಅದರ ಲೆಕ್ಕ ವರ್ಷಕ್ಕ ಕೋಟಿಗಟ್ಟಲೆ. ಒಲಿ ಮುಂದ ಕುಂತು ಹಿಡಿ-ಹಿಡಿ ತಗದಿಟ್ಟದ್ದು. ನಾವು ಅಕ್ಕಿ ಬದಲಿ ಜೋಳ ಇಡೋಣು.

ಬರೇ ಕೊಟ್ಟು ಕೈ ತೊಳಕೊಳ್ಳೋದೂ ಬ್ಯಾಡ. ಕೊಡೋವಾಗ ಕೇಳೋಣು. ಕಲಿಯೋ ಮಕ್ಕಳನ್ನ ವರ್ಷಕ್ಕ ಒಂದು ತಿಂಗಳು ಹಳ್ಳಿಗೆ ಕಳಸ್ರಿ ಅಂತ ಕೇಳೋಣು. ನಮ್ಮ ಮನ್ಯಾಗ ಇರಲಿ, ರೊಟ್ಟಿ ಉಣ್ಣಲಿ, ಮುದುಕ್ಯಾರ ಹತ್ರ ಕುಂತು ಅವರ ಹಾಡು ಬರಕೊಳ್ಳಲಿ, ನಮಗ ಶ್ರುತಿ ಹಿಡಿಯೋದು ಕಲಿಸಲಿ. ಹೆಣ್ಣುಮಕ್ಕಳಿಗೂ ಕಲಿಸ್ರಿ ಅಂತ ಗಟ್ಟಿಯಾಗಿ ಕೇಳೋಣು. 2013ರಾಗ ನಂದ್ಯಾಲದಾಗ ಹೆಣ್ಣುಮಗಳೊಬ್ಬಾಕಿ ನಮ್ಮ ಸಿ.ಎಸ್.ಐ.ಗೆ ಬಿಷಪ್ ಆಗ್ಯಾಳ, ಹಾಡಸೋದಕ್ಕ ಏನ್ ಅಡ್ಡಿ. ಕೀಬೋರ್ಡಿನ ಹುಡುಗ ಐತಲ್ಲ, ಮೊದಲ ಅವನ್ನ ಕಳಸೋಣು. ಕಿವಿ ಛೊಲೊ ಐತಿ ಅವಂದು, ಮತ್ತ ಆ ರಾತ್ರಿ ಅಂವಾ ಮೂರರ ತನಕ ಎದ್ದು ಹೋಗಲಿಲ್ಲ.

ಬರೋ ಬುಧವಾರ ಕೂಟ ನಮ್ಮ ಮನ್ಯಾಗ ಐತಿ. ಅತ್ತಿಯವರ ಹಾಡು ಇಲ್ಲಿತನಕ 43 ಬರದಿಟ್ಟೀನಿ. ಮಾತು ಬರಿಯಾಕ ಬರತೈತಿ, ಧಾಟಿ ಬರಿಯಾಕ ನನಗ ಬರಂಗಿಲ್ಲ, ಫೋನಿನಾಗ ತುಂಬಿಟ್ಟೀನಿ. ಇನ್ನೂ ಇಪ್ಪತ್ತಾರ ಇರಬೇಕು ಅಂತಾರ ಅವರು, ಕುಂತಾಗ ನೆನಪಾಗಂಗಿಲ್ಲ, ಮೆಣಸಿನಕಾಯಿ ತೊಟ್ಟು ಬಿಡಸೋವಾಗ ನೆನಪಾಗತಾವಂತ. ಎರಡು ಚೀಲ ಮೆಣಸಿನಕಾಯಿ ತರಿಸಿಟ್ಟೀನಿ.